ಕೊಂಡಿವಿಟೆಯ ಪಾಳು ಇಗರ್ಜಿ: ಚರಿತ್ರೆ ಮತ್ತು ವಾಸ್ತು

ಮುಂಬಯಿಯ ಅಂಧೇರಿ ಪೂರ್ವಭಾಗದಲ್ಲಿ, 1973ರಲ್ಲಿ ಸ್ಥಾಪಿತವಾದ ಸೀಪ್ಜ್ ರಫ್ತು ಕೈಗಾರಿಕಾ ವಲಯದ ಆವರಣದೊಳಗೆ, ಸ್ನಾನಿಕ ಯೋಹಾನನ ಹೆಸರಿನ ಪಾಳು ಇಗರ್ಜಿಯೊಂದಿದೆ. ಇದು ಕೊಂಡಿವಿಟೆ ಎಂಬ ಹಳ್ಳಿಗೆ ಸೇರಿದ್ದು. ಸಮೀಪದ ಬೌದ್ಧ ಗುಹೆಗಳಿಗೆ ಮಹಾಕಾಳಿ ಗುಹೆಗಳೆಂಬ ಹೆಸರಿನೊಂದಿಗೆ ಈ ಊರಿನ ಹೆಸರೂ ಉಳಿದುಬಂದಿದೆ. ಕರಾವಳಿಯ ಕನ್ನಡಿಗರಿಗೆ ಪರಿಚಿತವಾದ ‘ಇಗರ್ಜಿ’ ಎಂಬ ಪದವೂ ಪೋರ್ಚುಗೀಸ್ ಮೂಲದ್ದೆಂಬುದು ಇಲ್ಲಿ ಸ್ಮರಣೀಯ.

ಗುಜರಾತಿನ ಸುಲ್ತಾನ ಬಹಾದುರ್ ಷಹನು 1534ರ ಒಪ್ಪಂದದಂತೆ ವಸಈ ಹಾಗೂ ಅದಕ್ಕೆ ಸೇರಿದ ದ್ವೀಪಗಳನ್ನು ಪೋರ್ಚುಗೀಸರಿಗೆ ಬಿಟ್ಟುಕೊಟ್ಟನು. ಸಾಷ್ಟಿ ದ್ವೀಪದಲ್ಲಿ ನೆಲೆಯೂರಿದ ಯೇಸುಸಭೆಯ ಪಾದ್ರಿಗಳು 1579ರಲ್ಲಿ ಈ ಇಗರ್ಜಿಯನ್ನು ಕಟ್ಟಿಸಿದರು. 1739ರ ವೇಳೆಗೆ ಸಾಷ್ಟಿಯು ಮರಾಠರ ವಶವಾಯಿತು; 1774ರಲ್ಲಿ ಇಂಗ್ಲಿಷರ ಕೈಸೇರಿತು. ಆಳುವವರು ಬದಲಾದರೂ ಊರು ಉಳಿದಿತ್ತು. ಆದುದರಿಂದ ಇಗರ್ಜಿಯೂ ಉಳಿಯಿತು. 1840ರಲ್ಲಿ ಸಾಂಕ್ರಾಮಿಕ ರೋಗವೊಂದು ಹರಡಿದಾಗ ಜನರು ಊರನ್ನೇ ತೊರೆದು ಮರೋಳಕ್ಕೆ ಹೋದರು. ಹಳೆಯ ಇಗರ್ಜಿಯ ವಿಗ್ರಹಗಳು, ಕಂಬಗಳು ಹಾಗೂ ದೀಕ್ಷಾಸ್ನಾನದ ತೊಟ್ಟಿ ಅಲ್ಲಿನ ಹೊಸ ಇಗರ್ಜಿಗೆ ಸಾಗಿದವು. ಹೀಗೆ ಒಂದೇ ಕಟ್ಟಡದ ಅಂಗಗಳು ಇಂದು ಎರಡು ಸ್ಥಳಗಳಲ್ಲಿ ಹಂಚಿಹೋಗಿವೆ. ಮರೋಳವನ್ನು ಬಿಟ್ಟು ಕೊಂಡಿವಿಟೆಯನ್ನು ಅಭ್ಯಸಿಸುವುದು ಅಪೂರ್ಣವೆನಿಸುತ್ತದೆ.

ಕಲ್ಲು ಮತ್ತು ಗಾರೆಯಿಂದ ನಿರ್ಮಿತವಾದ ದಪ್ಪ ಗೋಡೆಗಳು, ಕಮಾನಿನ ಮುಖದ್ವಾರ, ಉದ್ದನೆಯ ಜನಾಂಗಣ, ಅದರ ಕೊನೆಗೆ ಬಲಿಪೀಠದ ಗರ್ಭಭಾಗ ಇವು ಇದರ ವಾಸ್ತುವಿನ ಮುಖ್ಯ ಲಕ್ಷಣಗಳು. ಚಾವಣಿ ಈಗಿಲ್ಲ. ಕೊಂಕಣ ಪ್ರದೇಶದ ಮಳೆಗೆ ಮರ ಮತ್ತು ಹಂಚಿನ ಚಾವಣಿಗಳು ವರ್ಷವರ್ಷವೂ ದುರಸ್ತಿಯನ್ನು ಬೇಡುತ್ತವೆ. ಕೈಯಾಡಿಸುವ ಜನರಿಲ್ಲವಾದಲ್ಲಿ ಮೊದಲು ಅಳಿಯುವುದು ಅವೇ. ಅನಂತರ ನೀರು ಗಾರೆಯನ್ನು ಸಡಿಲಿಸುತ್ತದೆ, ಅರಳಿ ಆಲಗಳ ಬೇರು ಸಂದುಗಳಿಗಿಳಿಯುತ್ತದೆ. ಗೋಡೆಗಳಾದರೂ ನಿಂತಿರುವುದಕ್ಕೆ ಅವುಗಳ ದಪ್ಪವೇ ಕಾರಣವೆನ್ನಬಹುದು.

ಹಾಸನ ಜಿಲ್ಲೆಯ ಶೆಟ್ಟಿಹಳ್ಳಿಯ ಇಗರ್ಜಿ ಇದಕ್ಕೆ ಹೋಲಿಸತಕ್ಕ ನಿದರ್ಶನ. ಹೇಮಾವತಿ ಜಲಾಶಯದ ಹಿನ್ನೀರು ಅಲ್ಲಿನ ಊರನ್ನು ಎಬ್ಬಿಸಿತು. ಇಲ್ಲಿ ರೋಗ ಎಬ್ಬಿಸಿತು. ಎರಡೆಡೆಯಲ್ಲೂ ಊರು ಹೋಗಿ ದೇವಾಲಯ ಉಳಿಯಿತು. ಆದರೆ ಶೆಟ್ಟಿಹಳ್ಳಿಯ ಅವಶೇಷವನ್ನು ಯಾರೂ ಹೋಗಿ ಕಾಣಬಹುದು. ಕೊಂಡಿವಿಟೆಯದು ಕೈಗಾರಿಕಾ ವಲಯದ ಕಾವಲಿನೊಳಗಿದೆ.

ಸ್ನಾನಿಕ ಯೋಹಾನನ ಹಬ್ಬ ಜೂನ್ 24ರಂದು, ಅಂದರೆ ಮಳೆಗಾಲದಲ್ಲಿ ಬರುತ್ತದೆ. ಚಾವಣಿಯಿಲ್ಲದ ಕಾರಣ ಇಲ್ಲಿನ ವಾರ್ಷಿಕ ಬಲಿಪೂಜೆ ಮೇ ತಿಂಗಳಲ್ಲಿ ನಡೆದುಬಂದಿದೆ. ಆ ದಿನ ಸಾಷ್ಟಿಯ ಮೂಲನಿವಾಸಿಗಳಾದ, ಮರಾಠಿಯ ಪ್ರಭೇದವೊಂದನ್ನಾಡುವ ಈಸ್ಟ್ ಇಂಡಿಯನ್ ಕ್ರೈಸ್ತರು ಇಲ್ಲಿ ಸೇರುತ್ತಾರೆ. ಕಟ್ಟಡದ ಸ್ಥಿತಿ ಹಬ್ಬದ ತಿಥಿಯನ್ನೇ ಬದಲಿಸಿದ ಈ ಸಂಗತಿ ಗಮನಾರ್ಹ. ಸಂರಕ್ಷಣೆಯೆಂದರೆ ಕಲ್ಲುಗಳ ರಕ್ಷಣೆ ಮಾತ್ರವಲ್ಲ. ಆ ಕಲ್ಲುಗಳ ಬಳಿಗೆ ಬರುವವರ ದಾರಿಯನ್ನು ತೆರೆದಿಡುವುದೂ ಅದರ ಅಂಗವೇ ಆಗಿದೆ.