ಮಲೆನಾಡಿನ ಅಟ್ಟದ ಥಂಡಿ

ಹೆಂಚಿನ ಮನೆಯ ಅಟ್ಟಕ್ಕೆ ತೇವ ಮೂರು ದಾರಿಯಲ್ಲಿ ಬರುತ್ತದೆ. ಮಾಡಿನಿಂದ ಸೋರುವ ಮಳೆನೀರು ಒಂದು. ಗೋಡೆ ಹೀರಿಕೊಂಡು ಸೂರಿನ ಮಟ್ಟದಲ್ಲಿ ಒಳಗೆ ಜಿನುಗುವ ನೀರು ಇನ್ನೊಂದು. ಗಾಳಿಯಲ್ಲಿರುವ ನೀರಾವಿ ತಣ್ಣಗಿನ ಹೆಂಚಿಗೋ ತಗಡಿಗೋ ತಾಗಿ ಹನಿಗಟ್ಟುವುದು ಮೂರನೆಯದು. ಮೊದಲನೆಯದು ಕಣ್ಣಿಗೆ ಕಾಣುವುದರಿಂದ ಎಲ್ಲ ತಪ್ಪನ್ನೂ ಅದರ ತಲೆಗೆ ಕಟ್ಟುವುದು ರೂಢಿ. ಒಡೆದ ಹೆಂಚು ಬದಲಿಸಿದ ಮೇಲೂ ಬೂಷ್ಟು ಹೋಗದಿದ್ದಾಗ ಮಾತ್ರ ಮೂರನೆಯದು ನೆನಪಾಗುತ್ತದೆ. ಇಲ್ಲಿರುವುದು ತೀರ್ಥಹಳ್ಳಿ ಸೀಮೆಯ ಒಂದು ಹಳೆಯ ಮನೆಯಲ್ಲಿ, ಈ ಲೇಖಕ ಹುಟ್ಟಿ ಬೆಳೆದು ಈಗಲೂ ವಾಸವಿರುವ ಮನೆಯಲ್ಲಿ, ನೋಡಿ ಮಾಡಿ ತಿಳಿದ ಸಂಗತಿ.

ಮಲೆನಾಡಿನ ಅಟ್ಟವನ್ನು ಮಳೆಗಾಲಕ್ಕೆಂದೇ ಕಟ್ಟಿದ್ದು. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರ್‌ಗೂ ಹೆಚ್ಚು ಮಳೆ. ಸುತ್ತಲಿನ ಊರುಗಳಲ್ಲಿ ಅದಕ್ಕಿಂತ ಕಡಿಮೆಯಾದರೂ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಟ್ಟೆ ಒಣಗುವುದೇ ಕಷ್ಟ. ಹಿಂದೆ ಮಾಡಿಗೆ ಸೋಗೆ ಅಥವಾ ಹುಲ್ಲು ಹೊದಿಸುತ್ತಿದ್ದರು. ಬಾಸೆಲ್ ಮಿಷನ್‌ನವರು 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ತೆರೆದ ಮೇಲೆ, ಬರಬರುತ್ತ ಘಟ್ಟದ ಮೇಲಕ್ಕೂ ಮಂಗಳೂರು ಹೆಂಚು ಹತ್ತಿತು. ಹೊದಿಕೆ ಬದಲಾದರೂ ಕೆಳಗಿನ ವ್ಯವಸ್ಥೆ ಹಾಗೆಯೇ ಉಳಿಯಿತು: ತೊಲೆಗಳ ಮೇಲೆ ಹಲಗೆ, ಹಲವು ಕಡೆ ಹಲಗೆಯ ಮೇಲೆ ಮಣ್ಣಿನ ಪದರ, ಅದರ ಕೆಳಗೆ ದಿನವಿಡೀ ಬೆಂಕಿ ಆರದ ಅಡುಗೆಯೊಲೆ. ಒಲೆಯ ಬಿಸಿ ಮತ್ತು ಹೊಗೆ ಅಟ್ಟದ ಬಾಯಿಯಿಂದ ಮೇಲೇರಿ, ಹೆಂಚಿನ ಸಂದುಗಳಲ್ಲಿ ಹೊರಬೀಳುತ್ತಿತ್ತು. ಭತ್ತ, ಬೆಲ್ಲ, ಅಡಿಕೆ, ಬಿತ್ತನೆಯ ಸೌತೆಕಾಯಿ ಬೀಜ ಎಲ್ಲವೂ ಆ ಬಿಸಿಯಲ್ಲೇ ಮಳೆಗಾಲ ಕಳೆಯುತ್ತಿದ್ದವು.

ಆ ಬಿಸಿ ಮಾಡುತ್ತಿದ್ದ ಕೆಲಸವನ್ನು ಲೆಕ್ಕದಲ್ಲಿ ನೋಡಬಹುದು. ಗಾಳಿ ಬಿಸಿಯಾದಷ್ಟೂ ಹೆಚ್ಚು ನೀರಾವಿಯನ್ನು ಹಿಡಿದಿಟ್ಟುಕೊಳ್ಳುತ್ತದೆ. ಜಡಿಮಳೆಯ ದಿನ ಹೊರಗಿನ ಗಾಳಿ 22 ಡಿಗ್ರಿ ಸೆಲ್ಸಿಯಸ್ ಇದ್ದು ಅದರ ಆರ್ದ್ರತೆ ಶೇ 95 ಇದೆ ಎನ್ನಿ. ಅದೇ ಗಾಳಿ ಅಟ್ಟದಲ್ಲಿ 26 ಡಿಗ್ರಿಗೆ ಏರಿದರೆ, ಒಂದು ಹನಿ ನೀರನ್ನೂ ಹೊರಹಾಕದೆ ಆರ್ದ್ರತೆ ಶೇ 75ರ ಹತ್ತಿರಕ್ಕೆ ಇಳಿಯುತ್ತದೆ. ಮರ, ಬಟ್ಟೆ, ಕಾಗದದ ಮೇಲೆ ಬೂಷ್ಟು ಹುಟ್ಟಲು ಸಾಮಾನ್ಯವಾಗಿ ಶೇ 80ಕ್ಕೆ ಮೇಲ್ಪಟ್ಟ ಆರ್ದ್ರತೆ ಹಲವು ದಿನ ನಿಲ್ಲಬೇಕು. ಅಂದರೆ ನಾಲ್ಕು ಡಿಗ್ರಿ ಬಿಸಿಯೊಂದೇ ಅಟ್ಟವನ್ನು ಕಾಯುತ್ತಿತ್ತು. ಬರೀ ಕಿಟಕಿ ತೆರೆದಿಟ್ಟರೆ ಆಷಾಢದಲ್ಲಿ ಅಟ್ಟ ಏಕೆ ಒಣಗುವುದಿಲ್ಲ ಎಂಬುದಕ್ಕೂ ಉತ್ತರ ಇಲ್ಲೇ ಇದೆ. ಹೊರಗಿನ ಗಾಳಿಯೇ ತೊಯ್ದಿರುವಾಗ ಅದು ಒಳಗೆ ಬಂದು ಒಣಗಿಸುವುದು ಏನನ್ನು?

ಅಡುಗೆ ಗ್ಯಾಸ್ ಬಂದಾಗ ಕಣ್ಣುರಿ, ಕೆಮ್ಮು, ಮಸಿ ಕಡಿಮೆಯಾಯಿತು. ಹೆಂಗಸರ ಪಾಲಿಗೆ ಅದು ದೊಡ್ಡ ಬಿಡುಗಡೆ. ಹೊಗೆಯ ದಿನಗಳನ್ನು ಮತ್ತೆ ಬಯಸುವುದು ನ್ಯಾಯವಲ್ಲ. ಆದರೆ ಒಲೆ ಹೋದಾಗ ಅಟ್ಟದ ಬಿಸಿಯೂ ಹೋಯಿತು, ಅದರ ಜಾಗದಲ್ಲಿ ಬೇರೇನೂ ಬರಲಿಲ್ಲ. ಹೆಂಚಿನಿಂದ ಉದುರುವ ದೂಳು ತಡೆಯಲೆಂದು ಕೆಳಗೆ ಪ್ಲೈವುಡ್, ಜಿಪ್ಸಂ ಅಥವಾ ಪಿವಿಸಿ ಹಲಗೆಯ ಮುಚ್ಚಿಗೆ ಬಂತು. ಅದು ಕೆಳಗಿನ ಬಿಸಿಯನ್ನು ಕೆಳಗೇ ತಡೆಯಿತು. ನೀರಾವಿ ಮಾತ್ರ ದೀಪದ ತೂತು, ಮೂಲೆಯ ಸಂದುಗಳಲ್ಲಿ ಮೇಲೇರುತ್ತಲೇ ಇತ್ತು. ಇವೆಲ್ಲಕ್ಕಿಂತ ಕೆಟ್ಟದ್ದು ಅಡುಗೆಮನೆಯ, ಬಚ್ಚಲಿನ ಎಕ್ಸಾಸ್ಟ್ ಫ್ಯಾನಿನ ಕೊಳವೆಯನ್ನು ಮುಚ್ಚಿಗೆಯ ಮೇಲಕ್ಕೆ ತಂದು ಅಲ್ಲಿಗೇ ಬಿಡುವುದು. ಕೆಲಸದವರು ಬೇಗ ಮುಗಿಸಲು ಹೀಗೆ ಮಾಡಿ ಹೋಗುತ್ತಾರೆ. ಅನ್ನ ಬೇಯುವ, ಸ್ನಾನದ ಹಬೆಯೆಲ್ಲ ನೇರ ಅಟ್ಟ ಸೇರುತ್ತದೆ. ಆ ಕೊಳವೆ ಗೋಡೆಯನ್ನೋ ಮಾಡನ್ನೋ ದಾಟಿ ಹೊರಗೇ ಬಾಯಿ ತೆರೆಯಬೇಕು.

ದುರಸ್ತಿಗೆ ಮೊದಲು ತೇವ ಎಲ್ಲಿಯದೆಂದು ಗುರುತಿಸಬೇಕು. ಸೋರಿಕೆಯ ಕಲೆ ಕಂದು ಅಂಚಿನ ಬಳೆಯಂತಿರುತ್ತದೆ, ಪ್ರತಿ ಮಳೆಗೂ ಅಲ್ಲೇ ಕಾಣುತ್ತದೆ. ಆದರೆ ಕಲೆಯ ನೆತ್ತಿಯ ಮೇಲೇ ತೂತು ಇರಬೇಕೆಂದಿಲ್ಲ. ನೀರು ಪಕ್ಕಾಸಿನ ಅಡಿಯಂಚು ಹಿಡಿದು ಇಳಿದು, ಗಂಟೋ ಮೊಳೆಯೋ ಅಡ್ಡ ಬಂದಲ್ಲಿ ತೊಟ್ಟಿಕ್ಕುತ್ತದೆ. ಆದ್ದರಿಂದ ಕಲೆಯಿಂದ ಕೋಳಿನ, ಅಂದರೆ ಮಾಡಿನ ತುದಿಯ ಕಡೆಗೆ, ಏರುಮುಖವಾಗಿ ಬೆರಳಾಡಿಸುತ್ತ ಹೋಗಬೇಕು. ಈ ಮನೆಯಲ್ಲಿ ಹಾಗೆ ಹುಡುಕುತ್ತ ಹೋದಾಗ ಸಿಕ್ಕಿದ್ದು ಒಡಕಲ್ಲ, ಪಾಚಿ. ಎರಡು ಹೆಂಚು ಒಂದರ ಮೇಲೊಂದು ಕೂರುವ ಕಡೆ ಇರುವ ಸಣ್ಣ ಕಾಲುವೆಯಲ್ಲಿ ಪಾಚಿ ಮತ್ತು ಹಲಸಿನ ಎಲೆಯ ಚೂರು ಗಟ್ಟಿಯಾಗಿ ಕೂತು, ನೀರು ಕೆಳಗೆ ಹರಿಯದೆ ಹಿಂದಕ್ಕೆ ಏರಿ ಒಳಗೆ ಇಳಿಯುತ್ತಿತ್ತು. ಹೆಂಚು ಪೂರಾ ಒಳ್ಳೆಯದಿತ್ತು.

ಗೋಡೆಯ ತೇವಕ್ಕೆ ಒಂದು ಸುಲಭ ಪರೀಕ್ಷೆ ಇದೆ. ಅಂಗೈಯೆರಡಗಲದ ಪ್ಲಾಸ್ಟಿಕ್ ಹಾಳೆಯನ್ನು ಗೋಡೆಗೆ ನಾಲ್ಕೂ ಕಡೆ ಟೇಪಿನಿಂದ ಅಂಟಿಸಿ ಒಂದೆರಡು ದಿನ ಬಿಡಬೇಕು. ಹಾಳೆಯ ಒಳಮೈಯಲ್ಲಿ ಹನಿ ಕೂತರೆ ನೀರು ಗೋಡೆಯಿಂದ ಬರುತ್ತಿದೆ, ಹೊರಮೈಯಲ್ಲಿ ಕೂತರೆ ಗಾಳಿಯಿಂದ. ಆರ್ದ್ರತೆ ತೋರಿಸುವ ಪುಟ್ಟ ಮಾಪಕಗಳು ಈಗ ಅಗ್ಗ. ಒಂದನ್ನು ಅಟ್ಟದಲ್ಲಿ, ಇನ್ನೊಂದನ್ನು ಜಗಲಿಯಲ್ಲಿ ಇಟ್ಟು ಹೋಲಿಸಿದರೆ ಊಹೆಯ ಮೇಲೆ ಹಣ ಸುರಿಯುವುದು ತಪ್ಪುತ್ತದೆ.

ತಗಡಿನ ಶೀಟಿನದು ಬೇರೆಯೇ ಕಥೆ. ಡಿಸೆಂಬರ್, ಜನವರಿಯ ಶುಭ್ರ ರಾತ್ರಿಗಳಲ್ಲಿ ತಗಡು ತನ್ನ ಬಿಸಿಯನ್ನು ಆಕಾಶಕ್ಕೆ ಬಿಟ್ಟುಕೊಟ್ಟು ಸುತ್ತಲಿನ ಗಾಳಿಗಿಂತಲೂ ತಣ್ಣಗಾಗುತ್ತದೆ. ಬೆಳಗಿನ ಜಾವ ಅದರ ಅಡಿಮೈ ತುಂಬ ಸಮನಾಗಿ ಹನಿ ಕೂತು, ಬಿಸಿಲು ಬಿದ್ದೊಡನೆ ತಟತಟನೆ ಉದುರುತ್ತದೆ. ಮಳೆಯಿಲ್ಲದ ತಿಂಗಳಲ್ಲಿ ಮಾಡು ಸೋರುತ್ತಿದೆ ಎಂದರೆ ಕಾರಣ ಇದೇ. ಹಳೆಯ ಹೆಂಚು ತೆಗೆದು ಶೀಟು ಹಾಕಿದವರ ದೂರು ಹೆಚ್ಚಾಗಿ ಇಂಥದ್ದು, ಅದಕ್ಕೆ ಮೊಳೆಯ ತೂತಿಗೆ ಅಂಟು ತುಂಬಿ ಪ್ರಯೋಜನವಿಲ್ಲ. ಶೀಟಿನ ಅಡಿಗೆ ಶಾಖನಿರೋಧಕ ಹಾಳೆ, ಅದರ ಕೆಳಗೆ ಗಾಳಿಯಾಡುವ ಜಾಗ, ಸೂರಿನಲ್ಲೂ ಕೋಳಿನಲ್ಲೂ ಗಾಳಿಗೆ ಬಾಯಿ ಇದ್ದರೆ ಹನಿ ಬಹಳ ಕಡಿಮೆಯಾಗುತ್ತದೆ.

ಮಾಡಿನ ಕೆಲಸಕ್ಕೆ ಏಪ್ರಿಲ್, ಮೇ ತಿಂಗಳೇ ಸರಿ. ಪಾಚಿ ಕೆರೆಯುವುದು, ಹೆಂಚು ಕೈಯಾಡಿಸುವುದು, ಮೇಲೆ ಬಾಗಿದ ಕೊಂಬೆ ಕಡಿಯುವುದು ಅಷ್ಟರೊಳಗೆ ಮುಗಿಯಬೇಕು. ಎರಡು ಮಾಡು ಕೂಡುವಲ್ಲಿರುವ ತಗಡಿನ ದೋಣಿಯನ್ನು ಮಾತ್ರ ಮಳೆಗಾಲದ ನಡುವೆಯೂ ಹೊಳವು ಸಿಕ್ಕಾಗ ನೋಡಬೇಕು, ಅಲ್ಲಿ ಎಲೆ ಕಟ್ಟಿದರೆ ಒಂದೇ ರಾತ್ರಿಯಲ್ಲಿ ಅಟ್ಟ ತೊಯ್ಯುತ್ತದೆ.

ಹೋದ ಬಿಸಿಯನ್ನು ಮರಳಿ ತರುವುದು ಮುಖ್ಯ ಕೆಲಸ. ಬಚ್ಚಲೊಲೆ ಮಲೆನಾಡಿನಲ್ಲಿ ಈಗಲೂ ಉರಿಯುತ್ತದೆ. ಅದರ ಹೊಗೆಗೊಳವೆಯನ್ನು ಗೋಡೆಯಾಚೆ ಬಿಡುವ ಬದಲು ಅಟ್ಟದೊಳಗಿಂದ ಹಾಯಿಸಿ ಮಾಡಿನ ಮೇಲೆ ತೆಗೆದರೆ, ಹೊಗೆ ಹೊರಗೆ ಹೋಗುತ್ತದೆ, ಬಿಸಿ ಒಳಗೆ ಉಳಿಯುತ್ತದೆ. ಈ ಮನೆಯಲ್ಲಿ ಅತಿ ಹೆಚ್ಚು ಗುಣ ಕೊಟ್ಟ ಬದಲಾವಣೆ ಇದೊಂದೇ. ಕೊಳವೆಯ ಸಂದುಗಳಲ್ಲಿ ಹೊಗೆ ಸೋರಬಾರದು. ಮರದಿಂದ ಕನಿಷ್ಠ ಒಂದೂವರೆ ಅಡಿ ದೂರವಿರಬೇಕು, ಹತ್ತಿರದಲ್ಲಿ ಸೋಗೆ, ಗೋಣಿ, ಕಾಗದ ಏನೂ ಇರಬಾರದು. ವರ್ಷಕ್ಕೊಮ್ಮೆ ಮಸಿ ತೆಗೆಯಲೇಬೇಕು. ಇದರಲ್ಲಿ ಉದಾಸೀನ ಸಲ್ಲದು, ಅಟ್ಟದ ಬೆಂಕಿ ಇಡೀ ಮನೆಯನ್ನು ನುಂಗುತ್ತದೆ. ಒಲೆಯಿಲ್ಲದ ಮನೆಯಲ್ಲಿ ದಕ್ಷಿಣದ ಮಾಡಿಗೆ ಕೆಲವು ಗಾಜಿನ ಹೆಂಚು ಹಾಕಿದರೆ ಹೊಳವಿನ ಬಿಸಿಲಾದರೂ ಒಳಗೆ ಬರುತ್ತದೆ. ಅಟ್ಟದ ಕಿಟಕಿಗಳನ್ನು ಬಿಸಿಲಿರುವ ಮಧ್ಯಾಹ್ನ ತೆರೆದು, ಸಂಜೆ ಮಂಜು ಇಳಿಯುವ ಮೊದಲು ಮುಚ್ಚಬೇಕು. ಬಾವಲಿ, ಇಲಿ ಬಾರದಂತೆ ಸಣ್ಣ ಕಣ್ಣಿನ ಜಾಳಿಗೆ ಅವಶ್ಯ.

ಅಟ್ಟದಲ್ಲಿ ಏನಿಡಬೇಕು ಎಂಬುದನ್ನೂ ಹೊಸದಾಗಿ ಯೋಚಿಸಬೇಕಾಗಿದೆ. ಭತ್ತದ ತೇವಾಂಶ ಶೇ 13ರ ಆಸುಪಾಸಿಗೆ ಇಳಿಯುವವರೆಗೆ ಅಂಗಳದಲ್ಲೇ ಒಣಗಬೇಕು. ಪೆಟ್ಟಿಗೆ, ಚೀಲಗಳು ಗೋಡೆಯಿಂದ ಗೇಣುದ್ದ ಈಚೆ, ಹಲಗೆಯ ಮೇಲೆ ಇರಲಿ. ಹಳೆಯ ಪುಸ್ತಕ, ಜಾತಕ, ಜಮೀನಿನ ಪತ್ರಗಳಿಗೆ ಅಟ್ಟ ಇನ್ನು ಸುರಕ್ಷಿತ ಜಾಗವಲ್ಲ.

ಮರದ ತೇವಾಂಶ ಶೇ 20 ದಾಟಿ ಹಾಗೇ ನಿಂತರೆ ಶಿಲೀಂಧ್ರ ಅದನ್ನು ಕೊಳೆಸತೊಡಗುತ್ತದೆ. ಹೊಗೆಯ ಕಾಟವಿಲ್ಲದ್ದರಿಂದ ಕೊರೆಹುಳುಗಳೂ ಸೇರಿಕೊಳ್ಳುತ್ತವೆ. ಪಕ್ಕಾಸು, ರೀಪುಗಳಿಗೆ ಗೇರುಬೀಜದ ಸಿಪ್ಪೆಯ ಎಣ್ಣೆ ಬಳಿಯುವುದು ಹಳೆಯ ಕ್ರಮ. ಅದು ಚರ್ಮ ಸುಡುತ್ತದೆ, ಕೈಗವಸಿಲ್ಲದೆ ಮುಟ್ಟಬಾರದು. ಒದ್ದೆ ಮರಕ್ಕೆ ಬಳಿದರೆ ತೇವ ಒಳಗೇ ಸಿಕ್ಕಿಕೊಳ್ಳುವುದರಿಂದ ಬೇಸಿಗೆಯಲ್ಲಿ ಮರ ಚೆನ್ನಾಗಿ ಒಣಗಿದ ಮೇಲೆಯೇ ಹಚ್ಚಬೇಕು. ಬೂಷ್ಟನ್ನು ಒಣ ಪೊರಕೆಯಿಂದ ಗುಡಿಸಿದರೆ ಅದರ ಕಣಗಳು ಮನೆ ತುಂಬ ಹಾರುತ್ತವೆ, ಉಬ್ಬಸದವರಿಗೆ ತೊಂದರೆ. ಮೂಗಿಗೆ ಮಾಸ್ಕ್ ಕಟ್ಟಿಕೊಂಡು, ಸೋಪಿನ ನೀರಲ್ಲಿ ಅದ್ದಿ ಹಿಂಡಿದ ಬಟ್ಟೆಯಿಂದ ಒರೆಸಿ, ಆ ಜಾಗವನ್ನು ಅದೇ ದಿನ ಫ್ಯಾನ್ ಹಾಕಿ ಒಣಗಿಸಬೇಕು. ಅದೇ ಜಾಗದಲ್ಲಿ ಬೂಷ್ಟು ಮತ್ತೆ ಕಂಡರೆ ತೇವದ ದಾರಿ ಇನ್ನೂ ಮುಚ್ಚಿಲ್ಲ, ಹುಡುಕಾಟ ಮುಂದುವರಿಯಬೇಕು.