ಕೊಳವೆಬಾವಿಯ ನೀರು ಮತ್ತು ಪರೀಕ್ಷೆಯ ಬೆಳಕು



ಬೆನ್ನು ಬಗ್ಗಿಸಲಾರದೆ, ಮೊಣಕಾಲು ಹಿಡಿದುಕೊಂಡು ಬಂದವರಿಗೆ ಸಂಧಿವಾತವೆಂದು ತೈಲ, ಕಷಾಯ ಕೊಡುವುದು ವೈದ್ಯರ ರೂಢಿ. ನಾನೂ ಹಾಗೆ ಕೊಟ್ಟವನೇ. ಆದರೆ ಅದೇ ಮನೆಯ ಮಕ್ಕಳ ಹಲ್ಲಿನ ಮೇಲೆ ಕಂದುಪಟ್ಟಿಗಳಿದ್ದರೆ, ಮೊದಲು ವಿಚಾರಿಸಬೇಕಾದುದು ಕುಡಿಯುವ ನೀರನ್ನು. ಯಾದಗಿರಿ ಜಿಲ್ಲೆಯ ಅನೇಕ ಕೊಳವೆಬಾವಿಗಳಲ್ಲಿ ಬಂಡೆಯಿಂದ ಕರಗಿಬಂದ ಫ್ಲೋರೈಡ್ ಇದೆ. ಭಾರತೀಯ ಮಾನಕದಂತೆ ಲೀಟರಿಗೆ 1 ಮಿ.ಗ್ರಾಂ ಮೀರಬಾರದು, ಬೇರೆ ಜಲಮೂಲವಿಲ್ಲದಿದ್ದರೆ 1.5 ಮಿ.ಗ್ರಾಂ ಕಡೆಯ ಮಿತಿ. ಕಾಯಿಸಿ ಆರಿಸಿದ ನೀರು ಪಥ್ಯವೆಂಬುದು ನಿಜ. ಆದರೂ ಕುದಿಸುವುದರಿಂದ ಫ್ಲೋರೈಡ್ ಹೋಗದು; ನೀರು ಆವಿಯಾದಷ್ಟೂ ಅದರ ಪ್ರಮಾಣ ಹೆಚ್ಚುತ್ತದೆ.

ಪರೀಕ್ಷೆಯ ವಿಧಾನ ಸರಳ. ಸ್ಪಾಡ್ನ್ಸ್ ಎಂಬ ಕೆಂಪು ದ್ರಾವಣವನ್ನು ನೀರಿಗೆ ಬೆರೆಸಿದಾಗ, ಫ್ಲೋರೈಡ್ ಹೆಚ್ಚಿದಷ್ಟೂ ಬಣ್ಣ ಮಸುಕಾಗುತ್ತದೆ. 1.2 ಮತ್ತು 1.8ರ ನಡುವಣ ಭೇದವನ್ನು ಕಣ್ಣಳತೆಯಲ್ಲಿ ಹೇಳುವುದು ಕಷ್ಟ. ಸ್ಪೆಕ್ಟ್ರೋಫೋಟೋಮೀಟರ್ ಆ ಬಣ್ಣದ ಮೂಲಕ 570 ನ್ಯಾನೋಮೀಟರಿನ ಹಳದಿ-ಹಸಿರು ಬೆಳಕನ್ನು ಹಾಯಿಸಿ, ಹೀರಲ್ಪಟ್ಟ ಅಂಶವನ್ನು ಅಳೆಯುತ್ತದೆ. ಆದ್ದರಿಂದ ವನದುರ್ಗದಂತಹ ಊರಿನ ಭಕ್ತರು ಕೂಡಿ ಇಂತಹ ಕೈಯಂತ್ರ ಕೊಳ್ಳುವುದಾದರೆ, ಒಳಗಿನ ದೀಪ ಯಾವುದೆಂದು ಕೇಳಬೇಕು.

ಟಂಗ್‌ಸ್ಟನ್ ದೀಪ ಕಣ್ಣಿಗೆ ಕಾಣುವ ಎಲ್ಲ ಬಣ್ಣಗಳನ್ನೂ ಕೊಡುತ್ತದೆ. ಆದರೆ ಬಿಸಿಯಾಗುತ್ತದೆ, ಸ್ಥಿರವಾಗಲು ಕಾಲ ಬೇಕು, ಬ್ಯಾಟರಿಯನ್ನು ಬೇಗ ಬರಿದಾಗಿಸುತ್ತದೆ. ಕ್ಸೆನಾನ್ ಮಿಂಚುದೀಪ ನೇರಳಾತೀತ ಕಿರಣವನ್ನೂ ಕೊಡುತ್ತದೆ. ನೈಟ್ರೇಟನ್ನು 220 ನ್ಯಾನೋಮೀಟರಿನಲ್ಲಿ ನೇರವಾಗಿ ಅಳೆಯಲು ಅಂತಹ ಕಿರಣ ಬೇಕು. ಆದರೆ ಬೆಲೆ ಹೆಚ್ಚು. ಎಲ್‌ಇಡಿ ಕಿರಿದಾದ ಬಣ್ಣಪಟ್ಟಿಯ ಬೆಳಕು ಕೊಡುತ್ತದೆ, ಕಡಿಮೆ ವಿದ್ಯುತ್ತು ಬಳಸುತ್ತದೆ, ಬಹುಕಾಲ ಬಾಳುತ್ತದೆ. ಫ್ಲೋರೈಡ್ ಒಂದನ್ನೇ ನೋಡುವುದಾದರೆ, 570ರ ಸಮೀಪದ ಎಲ್‌ಇಡಿಯೂ ಶೋಧಕವೂ ಇರುವ ಯಂತ್ರವೇ ಹೊಲ-ಬಾವಿಯ ಬಳಿ ಯೋಗ್ಯ.

ಎಲ್‌ಇಡಿಗೂ ದೋಷವಿದೆ. ನಮ್ಮ ಬೇಸಿಗೆಯ ಬಿಸಿಲಿನಲ್ಲಿ ಅದರ ಪ್ರಕಾಶವೂ ಬಣ್ಣವೂ ಸ್ವಲ್ಪ ಬದಲಾಗುತ್ತವೆ. ಆದಕಾರಣ ನೆರಳಿನಲ್ಲಿ ಅಳೆಯಬೇಕು. ಪ್ರತಿಸಲವೂ ಅದೇ ದ್ರಾವಣ ಬೆರೆಸಿದ ಭಟ್ಟಿನೀರನ್ನು ಮೊದಲಿಟ್ಟು ಯಂತ್ರವನ್ನು ಸೊನ್ನೆಗೆ ತರಬೇಕು. ಎರಡು ನೀರೂ ಒಂದೇ ತಾಪದಲ್ಲಿರಬೇಕು. ಮುಚ್ಚಳ ಹಾಕಿಯೇ ಓದಬೇಕು. ಬಳಸಿದ ದ್ರಾವಣ ಆಮ್ಲೀಯವಾದುದು, ಕೆಲವು ತಯಾರಿಕೆಗಳಲ್ಲಿ ಆರ್ಸೆನಿಕ್ ಸಂಯುಕ್ತವೂ ಇರುತ್ತದೆ. ಬಾವಿಯ ಬಳಿ ಚೆಲ್ಲಬಾರದು.

ಅಂಕಿ 1.5 ಮೀರಿದರೆ ಪ್ರಯೋಗಾಲಯದಲ್ಲಿ ಮತ್ತೊಮ್ಮೆ ಪರೀಕ್ಷಿಸಿ, ಆ ನೀರನ್ನು ಬಟ್ಟೆ, ಪಾತ್ರೆ ತೊಳೆಯಲು ಮಾತ್ರ ಬಳಸಿರಿ. ಮೂಳೆಗೆ ಸೇರಿದ ಫ್ಲೋರೈಡನ್ನು ಔಷಧದಿಂದ ತೆಗೆಯುವುದು ಸುಲಭವಲ್ಲ. ಬಾಯಿಗೆ ಹೋಗದಂತೆ ತಡೆಯುವುದು ನಮ್ಮ ಕೈಯಲ್ಲಿದೆ.