ಕಾದಂಬರಿ–ಚಲಚ್ಚಿತ್ರಗಳಲ್ಲಿ ದುಡಿಯುವವರ ಬಾಳು

ಹರಕು ಬಟ್ಟೆ, ಸೋರುವ ಗುಡಿಸಲುಗಳನ್ನು ಚಿತ್ರಿಸಿದರೆ ಬಡತನವು ಯಾರ ಕಣ್ಣಿಗಾದರೂ ಕಾಣುತ್ತದೆ. ಆದರೆ ಇಂದು ದುಡಿದು ಉಂಡವನಿಗೆ ನಾಳೆ ದುಡಿಮೆ ಉಂಟೋ ಇಲ್ಲವೋ ಎಂಬ ಅಳುಕು ಅಷ್ಟು ಸುಲಭವಾಗಿ ಕಾಣುವಂಥದಲ್ಲ. ಸಮರ್ಥರಾದ ಕೆಲವು ಕಲಾವಿದರು ಇದಕ್ಕೊಂದು ಮಾರ್ಗವನ್ನು ಕಂಡುಕೊಂಡರು: ದುಡಿಮೆಯ ಸಾಧನವೊಂದರ ಮೇಲೆ ಇಡೀ ಸಂಸಾರದ ಆಸೆಯನ್ನು ನಿಲ್ಲಿಸುವುದು. ತರಗತಿಯಲ್ಲಿ ಬಳಸಬಹುದಾದ ನಾಲ್ಕು ನಿದರ್ಶನಗಳನ್ನು ಇಲ್ಲಿ ಪರಿಶೀಲಿಸೋಣ.

ಮೊದಲನೆಯದು ನಮ್ಮದೇ ಆದ ‘ಚೋಮನ ದುಡಿ’. ಶಿವರಾಮ ಕಾರಂತರ ಈ ಕಾದಂಬರಿ 1933ರದು, ಬಿ. ವಿ. ಕಾರಂತರು 1975ರಲ್ಲಿ ಅದನ್ನು ಚಲಚ್ಚಿತ್ರವಾಗಿಸಿದರು. ಚೋಮನ ಬಳಿ ಎತ್ತುಗಳಿವೆ, ಉಳಲು ನೆಲವಿಲ್ಲ. ಅಸ್ಪೃಶ್ಯನಾದವನು ಬೇಸಾಯಗಾರನಾಗುವುದನ್ನು ಊರಿನ ಕಟ್ಟುಪಾಡು ಸಹಿಸದು. ಸಾಲ ತೀರಿಸಲು ಮಕ್ಕಳು ಕಾಫಿ ತೋಟದ ಕೂಲಿಗೆ ಹೋಗಬೇಕಾಗುತ್ತದೆ. ಸಾಧನವಿದ್ದೂ ದುಡಿಮೆಯ ಹಕ್ಕಿಲ್ಲದವನ ದುರಂತವಿದು.

ಎರಡನೆಯದು ಇಟಲಿಯ ವಿಟ್ಟೋರಿಯೊ ಡಿ ಸಿಕಾ ಅವರ ‘ಬೈಸಿಕಲ್ ಥೀವ್ಸ್’ (1948). ಮಹಾಯುದ್ಧಾನಂತರದ ರೋಮ್ ನಗರ. ನಿರುದ್ಯೋಗಿ ಆಂಟೋನಿಯೊನಿಗೆ ಗೋಡೆಗಳಿಗೆ ಭಿತ್ತಿಪತ್ರ ಅಂಟಿಸುವ ಕೆಲಸ ದೊರೆಯುತ್ತದೆ. ಆದರೆ ಸ್ವಂತ ಸೈಕಲ್ ಇರಲೇಬೇಕು. ಅದಾಗಲೇ ಒತ್ತೆಗೆ ಹೋಗಿದೆ. ಹೆಂಡತಿ ಹಾಸಿಗೆಯ ಬಟ್ಟೆಗಳನ್ನೇ ಒತ್ತೆಯಿಟ್ಟು ಅದನ್ನು ಬಿಡಿಸುತ್ತಾಳೆ. ಕೆಲಸದ ಮೊದಲ ದಿನವೇ ಸೈಕಲ್ ಕಳುವಾಗುತ್ತದೆ. ಪುಟ್ಟ ಮಗನೊಡನೆ ಊರೆಲ್ಲ ಹುಡುಕಿ ಕಳ್ಳನ ಮನೆಯನ್ನು ಕಂಡರೆ, ಅಲ್ಲಿಯೂ ಅದೇ ಬಡತನ! ಕೊನೆಗೆ ತಾನೇ ಇನ್ನೊಬ್ಬರ ಸೈಕಲ್ ಕದಿಯಲು ಹೋಗಿ, ಮಗನ ಕಣ್ಣೆದುರೇ ಸಿಕ್ಕಿಬೀಳುತ್ತಾನೆ. ಈ ಪಾತ್ರ ವಹಿಸಿದ ಲ್ಯಾಂಬರ್ಟೊ ಮಾಜ್ಜೊರಾನಿ ವೃತ್ತಿನಟರಲ್ಲ, ಕಾರ್ಖಾನೆಯ ಕಾರ್ಮಿಕರು. ಚಿತ್ರವು ಲೋಕಪ್ರಸಿದ್ಧವಾಯಿತು, ಅವರು ಮಾತ್ರ ಆ ಕಾರ್ಖಾನೆಯ ಕೆಲಸವನ್ನು ಕಳೆದುಕೊಂಡರು.

ಮೂರನೆಯದು ಬಿಮಲ್ ರಾಯ್ ಅವರ ‘ದೋ ಬೀಘಾ ಜಮೀನ್’ (1953). ರೈತ ಶಂಭು ತನ್ನ ಸಾಲ 65 ರೂಪಾಯಿ ಎಂದು ನಂಬಿರುತ್ತಾನೆ. ಜಮೀನ್ದಾರನ ಲೆಕ್ಕದಲ್ಲಿ ಅದು 235 ಆಗಿರುತ್ತದೆ. ಎರಡು ಬೀಘಾ ನೆಲ ಉಳಿಸಿಕೊಳ್ಳಲು ಕಲ್ಕತ್ತೆಗೆ ಹೋಗಿ ರಿಕ್ಷಾ ಎಳೆಯುತ್ತಾನೆ. ರಿಕ್ಷಾದ ಗಾಲಿ ಕಳಚಿ ಅವನು ಗಾಯಗೊಂಡಾಗ ಗಳಿಕೆ ನಿಲ್ಲುತ್ತದೆ. ಸಾಲದ ಗಡುವು ನಿಲ್ಲುವುದಿಲ್ಲ.

ಇದು ಕಳೆದ ಕಾಲದ ಕಥೆಯೆಂದು ಭಾವಿಸುವಂತಿಲ್ಲ. ಕೆನ್ ಲೋಚ್ ಅವರ ‘ಸಾರಿ ವಿ ಮಿಸ್ಡ್ ಯೂ’ (2019) ಇಂಗ್ಲೆಂಡಿನ ನ್ಯೂಕಾಸಲ್‌ನದು. ಮನೆಮನೆಗೆ ಪಾರ್ಸೆಲ್ ಮುಟ್ಟಿಸುವ ರಿಕಿ, ಹೆಂಡತಿಯ ಕಾರನ್ನು ಮಾರಿ ವ್ಯಾನ್ ಕೊಳ್ಳಲು ಮುಂದಾಗುತ್ತಾನೆ. ಹೆಸರಿಗೆ ಅವನು ಸ್ವತಂತ್ರ ಉದ್ಯೋಗಿ. ಆದರೆ ರಜೆಗೂ ದಂಡ, ತಡಕ್ಕೂ ದಂಡ. ನಮ್ಮ ನಗರಗಳಲ್ಲಿ ಮೊಬೈಲ್ ಆ್ಯಪ್‌ಗಳ ಆದೇಶದಂತೆ ಊಟ ತಲುಪಿಸುವ ತರುಣರ ಪಾಡೂ ಇದಕ್ಕೆ ಸಮೀಪವಾದುದು. ಇಂತಹವರ ಸಾಮಾಜಿಕ ಭದ್ರತೆಗಾಗಿ ಕರ್ನಾಟಕವು 2025ರಲ್ಲಿ ಕಾನೂನನ್ನೇ ರಚಿಸಿತು.

ಈ ಕೃತಿಗಳನ್ನು ಬೋಧಿಸುವಾಗ ಮೂರು ಪ್ರಶ್ನೆಗಳನ್ನು ಕೇಳುವುದು ಉಚಿತ. ದುಡಿಮೆಯ ಸಾಧನ ಯಾರದು? ಅದು ಕೆಟ್ಟರೆ ನಷ್ಟ ಯಾರಿಗೆ? ದುಡಿಯುವವನು ಕಾಯಿಲೆ ಬಿದ್ದರೆ ಆ ದಿನ ಮನೆ ನಡೆಯುವುದು ಹೇಗೆ? ಹೀಗೆ ಕೇಳಿದಾಗ ವಿದ್ಯಾರ್ಥಿಯು ದುಷ್ಟನೊಬ್ಬನನ್ನು ಹುಡುಕಿ ತೃಪ್ತನಾಗದೆ, ವ್ಯವಸ್ಥೆಯ ಕಡೆಗೆ ದೃಷ್ಟಿ ಹರಿಸುತ್ತಾನೆ. ಕಳ್ಳನ ಮನೆಯನ್ನು ತೋರಿಸಿದ ಡಿ ಸಿಕಾ ಅವರ ಉದ್ದೇಶವೂ ಇದೇ ಇರಬೇಕು.

ಒಂದು ಎಚ್ಚರಿಕೆಯ ಮಾತು. ದಿನಗೂಲಿಯವರ, ಹಮಾಲರ ಮಕ್ಕಳೂ ನಮ್ಮ ಬೆಂಚುಗಳಲ್ಲಿ ಕುಳಿತಿರುತ್ತಾರೆ. ಮೇಲಿನ ಪ್ರಶ್ನೆಗಳಿಗೆ ಉತ್ತರ ಅವರಿಗೆ ಪುಸ್ತಕ ತೆರೆಯುವ ಮೊದಲೇ ಗೊತ್ತು. ಅವರತ್ತ ಬೆರಳು ತೋರಿ ಉದಾಹರಣೆ ಕೊಡುವ ಅಧ್ಯಾಪಕನು ಪಾಠವನ್ನೇ ಕೆಡಿಸಿದಂತೆ. ಅವರಾಗಿಯೇ ಮಾತಾಡಬಯಸಿದರೆ ತಾಳ್ಮೆಯಿಂದ ಕೇಳಬೇಕು. ಮೌನವಾಗಿದ್ದರೆ ಆ ಮೌನವನ್ನು ಗೌರವಿಸಬೇಕು. ಪರರ ದುಡಿಮೆಗೆ ಸಲ್ಲಬೇಕಾದ ಮರ್ಯಾದೆಯನ್ನು ಉಳಿದ ಮಕ್ಕಳು ಕಲಿಯುವುದು ಗುರುಗಳ ಈ ನಡತೆಯಿಂದಲೇ.